ಇಬ್ಬರ ನಡುವಿನ ಋಣಚಿಹ್ನೆ

ಮಳೆ ಆಗತಾನೇ ನಿಂತಿತ್ತು. ನಿಂತಿತ್ತು ಎಂದರೆ, ಹೊರಟೆ ಹೊರಟೆ ಎನ್ನುತ್ತಲೇ ಹೊಸ್ತಿಲಲ್ಲಿ ಮಾತಿಗೆ ನಿಂತ ನೆಂಟರಂತೆ, ಎಲೆಗಳ ತುದಿಯಲ್ಲಿ, ಕಿಟಕಿಯ ಸರಳುಗಳಲ್ಲಿ, ಅಂಗಳದ ಸೈಕಲ್ಲುಗಳ ಸೀಟಿನ ಮೇಲೆ ಹನಿಹನಿಯಾಗಿ ಇನ್ನೂ ಕೂತೇ ಇತ್ತು... ಆ ಹನಿಗಳನ್ನು ಹಾದುಬಂದ ಸ್ನಿಗ್ಧ ಸೂರ್ಯಕಿರಣಗಳು ಗಣಿತ ವಿಭಾಗದ ಹಳೆಯ ಕಟ್ಟಡದ ಮೇಲ್ಮಹಡಿಯನ್ನೆಲ್ಲ ತುಂಬಿ, ಸೀಮೆಸುಣ್ಣದ ಧೂಳಿನ ಕಣಕಣವನ್ನೂ ಸುವರ್ಣರೇಣುವನ್ನಾಗಿ ಮಾಡಿದ್ದವು. ಸಹೃದಯರೇ, ಇಂಥ ಪ್ರಸನ್ನ ಪೂರ್ವಾಹ್ನದಲ್ಲಿ ಯಾರಾದರೂ ಜಗಳವಾಡುವುದುಂಟೇ? ಉಂಟು! ಅಲ್ಲಿನ ವಿಶಾಲವಾದ ಕರಿಹಲಗೆಯ ಮುಂದೆ ಇಬ್ಬರು ವಿದ್ವಾಂಸರು ಒಂದು ಪುಟ್ಟ ಅಡ್ಡಗೆರೆಗಾಗಿ ಬೆಳಗಿನಿಂದ ಕಾದಾಡುತ್ತಿದ್ದರು.

ಅವಳು ಬೀಜಗಣಿತದವಳು, ಬೇರೊಂದು ವಿಶ್ವವಿದ್ಯಾಲಯದಿಂದ ಒಂದು ವರ್ಷದ ಮಟ್ಟಿಗೆ ಬಂದವಳು, ಮಾತು ಚುರುಕು, ಕೋಪ ಮೂಗಿನ ತುದಿಯಲ್ಲಿ. ಅವನು ಭೌತವಿಜ್ಞಾನಿ, ಕೆಳಮಹಡಿಯ ಗ್ರಂಥಪಾಲಕಿಯಾದ ಅವನ ಸ್ವಂತ ಅಕ್ಕನೇ ಅವನನ್ನು ಮೂಗಬಸವ ಎನ್ನುತ್ತಿದ್ದಳೆಂದ ಮೇಲೆ ಹೆಚ್ಚು ಹೇಳಬೇಕಾಗಿಲ್ಲ. ಸೂಕ್ಷ್ಮಕಣಗಳ ಸಮ್ಮಿತಿಗಳನ್ನು ಆಳುವ ನಿಯಮಗಳನ್ನು ಅವಳು ಕಟ್ಟುತ್ತಿದ್ದಳು. ಅವು ಯಾರ ಕಣ್ಣಿಗೂ ಬೀಳದ ಅಮೂರ್ತ ವಸ್ತುಗಳು. ಏನನ್ನಾದರೂ ಹಿಡಿದು ತಿರುಗಿಸಿದಾಗ ಮಾತ್ರ ಅವು ಇವೆಯೆಂದು ಲೋಕಕ್ಕೆ ತಿಳಿಯುತ್ತದೆ. ಹಾಗೆ ತಿರುಗಿಸಬಲ್ಲ ಮಾತೃಕೆಗಳ ಮೈಯನ್ನು, ಅಂದರೆ ಸಾಲುಸಾಲಾಗಿ ಜೋಡಿಸಿದ ಸಂಖ್ಯೆಗಳ ಚೌಕಗಳನ್ನು, ಅವುಗಳಿಗೆ ತೊಡಿಸುವುದು ಅವನ ಕೆಲಸ. ಬಲ್ಲವರು ಇದನ್ನು ನಿರೂಪಣೆ ಎನ್ನುತ್ತಾರೆ. ಪಾಪ, ಅವನ ಎದೆಯಲ್ಲೂ ಅಂಥದೇ ಒಂದು ಅಮೂರ್ತ ವಸ್ತು ತಿಂಗಳುಗಳಿಂದ ಮನೆಮಾಡಿತ್ತು... ಅದಕ್ಕೆ ಮೈ ತೊಡಿಸುವ ವಿದ್ಯೆ ಮಾತ್ರ ಅವನಿಗೆ ತಿಳಿದಿರಲಿಲ್ಲ!

ವರ್ಷವಿಡೀ ಬೇರೆ ಬೇರೆ ಕೋಣೆಗಳಲ್ಲಿ ಕೂತು ಮಾಡಿದ ಕೆಲಸವನ್ನು ಅವರು ಈಗ ಅಕ್ಕಪಕ್ಕ ಇಟ್ಟಿದ್ದರು. ಎಲ್ಲವೂ ಕೂಡಿಬಂದಿತ್ತು, ಆದರೆ ಅವಳಲ್ಲಿ ಧನಚಿಹ್ನೆ ಇದ್ದಲ್ಲೆಲ್ಲ ಅವನಲ್ಲಿ ಋಣಚಿಹ್ನೆಯ ಅಡ್ಡಗೆರೆ! ಮಧ್ಯಾಹ್ನ ವಿಭಾಗದ ಮುಖ್ಯಸ್ಥರ ಮುಂದೆ ಇದನ್ನು ಮಂಡಿಸಬೇಕು. ಗೆದ್ದರೆ ಅವಳು ಇಲ್ಲಿಯೇ ಮುಂದುವರಿಯುತ್ತಾಳೆ. ಸೋತರೆ ಈ ವಾರವೇ ಹೊರಡುತ್ತಾಳೆ.

"ನಿಮ್ಮ ಲೆಕ್ಕದಲ್ಲೇ ಎಲ್ಲೋ ಚಿಹ್ನೆ ತಪ್ಪಿದೆ," ಎಂದಳು ಅವಳು.

"ಮತ್ತೆ ಮತ್ತೆ ನೋಡಿದೀನಿ. ತಪ್ಪಿಲ್ಲ."

"ಅಂದ್ರೆ ನಂದು ತಪ್ಪು?"

"ನಿಮ್ದೂ ತಪ್ಪಿಲ್ಲ."

"ಇಬ್ಬರದೂ ಸರಿ, ಉತ್ತರ ಮಾತ್ರ ಉಲ್ಟಾ! ಚೆನ್ನಾಗಿದೆ ಕಥೆ. ನಾನು ಗಂಟುಮೂಟೆ ಕಟ್ಟೋದೇ ವಾಸಿ."

ಹೋಗಬೇಡಿ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೂ ಬಂದು ಅಲ್ಲಿಂದಲೇ ಹಿಂದಿರುಗಿತು. "ಇನ್ನೊಂದ್ಸಲ ನೋಡ್ತೀನಿ," ಎಂದ.

ಅಷ್ಟರಲ್ಲಿ ಅಕ್ಕ ಬಂದಳು. ಗ್ರಂಥಾಲಯಕ್ಕೆ ಬಣ್ಣ ಹೊಡೆಯುವಾಗ ಕಪಾಟುಗಳಿಗೆ ಹೊದಿಸಿದ್ದ ದೊಡ್ಡ ಬಿಳಿಯ ಬಟ್ಟೆ ಅವಳ ತೋಳಿನ ತುಂಬ ಇತ್ತು. "ಇನ್ನೂ ಅದೇ ರಾಗ, ಅದೇ ತಾಳಾನಾ? ತಗೊಳ್ರಪ್ಪ, ಇದನ್ನ ಮಡಚಿಕೊಡಿ. ನನ್ನೊಬ್ಬಳ ಕೈಲಿ ಆಗಲ್ಲ."

"ಕೊಡಿ ಮೇಡಂ," ಎಂದಳು ಬೀಜಗಣಿತದವಳು, ಮರ್ಯಾದೆಯಿಂದ.

ಅಕ್ಕ ಬಾಗಿಲನ್ನು ಮೆಲ್ಲನೆ ಮುಂದೆ ಮಾಡಿಕೊಂಡು ಹೋದಳು. ಇಂಥ ಎಷ್ಟೋ ಬಟ್ಟೆಗಳನ್ನು ಅವಳು ಒಬ್ಬಳೇ ಮಡಚಿದ್ದಳೆಂಬ ವಿಷಯ ನಮ್ಮ ನಿಮ್ಮಲ್ಲೇ ಇರಲಿ.

ಇಬ್ಬರೂ ಒಂದೊಂದು ತುದಿ ಹಿಡಿದು ಎದುರುಬದುರು ನಿಂತರು. ಅವಳು ತಿರುಗಿಸಿದಳು, ಅವನು ಮಡಚಿದ. ಬಟ್ಟೆ ನಡುವೆ ಹಗ್ಗದಂತೆ ಹೊಸೆದುಕೊಂಡಿತು. ಕೋಪದ ನಡುವೆಯೂ ಅವಳಿಗೆ ನಗು ಬಂತು. "ಇರಿ, ನಮ್ಮ ಶಾಸ್ತ್ರದ ಪ್ರಕಾರವೇ ಮಾಡೋಣ," ಎಂದು ಹಲಗೆಯ ಮೇಲೆ 'ತಿ ಮ' ಎಂದು ಬರೆದಳು. "ತಿ ಅಂದ್ರೆ ತಿರುಗಿಸೋದು, ಮ ಅಂದ್ರೆ ಮಡಚೋದು. ಬರೆದ ಕ್ರಮದಲ್ಲೇ ಮಾಡಿ, ಸರೀನಾ?"

"ಸರಿ," ಎಂದ ಅವನು. ಎಂದು, ಮತ್ತೆ ಮೊದಲು ಮಡಚಿದ! ಅವಳು ತಿರುಗಿಸಿದ ರಭಸಕ್ಕೆ ಬಟ್ಟೆ ಹಾರಿ ಭೌತವಿಜ್ಞಾನಿ ತಲೆಯಿಂದ ಸೊಂಟದವರೆಗೆ ಮಾಯವಾದ.

"ಅಯ್ಯೋ ಮಹರಾಯ್ರೇ! ತಿ ಮೊದಲು ಅಂತ ಬರೆದಿಲ್ವಾ?"

"ಮ ಮೊದಲು," ಎಂದಿತು ಬಟ್ಟೆಯೊಳಗಿನ ದನಿ. "ಬಲಗಡೆ ಇರೋದು ತಾನೇ ಮೊದಲು ಕೆಲಸ ಮಾಡೋದು?"

"ಬಲಗಡೆದಾ? ನಾವು ಎಡದಿಂದ ಶುರು ಮಾಡ್ತೀವಿ."

"ನಾವು ಬಲದಿಂದ..."

ಬಟ್ಟೆ ಸರಿಯಿತು. ಕೆದರಿದ ಕೂದಲಿನ ಅವನೂ, ಕಣ್ಣರಳಿಸಿದ ಅವಳೂ ಒಬ್ಬರನ್ನೊಬ್ಬರು ನೋಡಿದರು... ಇಡೀ ವರ್ಷ ಒಂದೇ ಬರಹವನ್ನು ಇಬ್ಬರೂ ಎರಡು ತುದಿಗಳಿಂದ ಓದಿದ್ದರು! ಕ್ರಮ ಬದಲಾದರೆ ಫಲ ಎಷ್ಟು ಬದಲಾಗುತ್ತದೆ ಎಂಬ ವ್ಯತ್ಯಾಸವೇ ಅವರ ಬೀಜಗಣಿತದ ಜೀವಾಳ. ಹಿಂದುಮುಂದಾಗಿ ಓದಿದರೆ ಆ ವ್ಯತ್ಯಾಸದ ಚಿಹ್ನೆಯೇ ತಲೆಕೆಳಗಾಗುತ್ತದೆ. ಯಾರೂ ತಪ್ಪು ಮಾಡಿರಲಿಲ್ಲ.

ಅವಳು ಹಲಗೆಯ ಒಂದು ತುದಿಗೆ ಓಡಿ, ಅವನ ಮಾತೃಕೆಗಳ ಅಡ್ಡಸಾಲುಗಳನ್ನೆಲ್ಲ ಕಂಬಸಾಲುಗಳಾಗಿ ಮಗುಚಿದಳು. ಅವನು ಇನ್ನೊಂದು ತುದಿಯಿಂದ, ಮಗುಚದೆಯೇ, ಎಲ್ಲದರ ಚಿಹ್ನೆಯನ್ನೂ ಬದಲಿಸುತ್ತ ಬಂದ. ಅವಳ ನಿಯಮಗಳಿಗೆ ಎರಡೂ ಕೂಡಿಬಂದವು! ಸೀಮೆಸುಣ್ಣ ಮೆತ್ತಿದ ಎರಡು ಕೈಗಳು ಹಲಗೆಯ ನಡುವೆ ಬಂದು ನಿಂತವು.

"ಆದ್ರೆ ಇವೆರಡೂ ಒಂದೇ ಅಲ್ಲ," ಎಂದಳು ಅವಳು, ಏದುಸಿರು ಬಿಡುತ್ತ.

"ಅಲ್ಲ. ಒಂದಕ್ಕೊಂದು ಡ್ಯುಯಲ್. ಕನ್ನಡಿಯ ಆಚೆ ಈಚೆ ಇದ್ದ ಹಾಗೆ." ಅವನು ತಡವರಿಸಿದ. "ಇಂಥ ಜೋಡೀನ ಒಂದಕ್ಕೊಂದು ಗುಣಿಸಿದ್ರೆ ಏನು ಸಿಗುತ್ತೆ, ನಿಮಗೆ ಗೊತ್ತಲ್ಲ?"

ಗೊತ್ತಿತ್ತು, ಅವಳು ಅದನ್ನು ಎಷ್ಟೋ ತರಗತಿಗಳಲ್ಲಿ ಪಾಠ ಹೇಳಿದ್ದಳು. ಆದರೂ, "ನೀವೇ ಹೇಳಿ," ಎಂದಳು. "ಇಷ್ಟು ದಿನ ಎಲ್ಲಾ ನಾನೇ ಹೇಳಿದೀನಿ."

"ಹೇಗೆ ತಿರುಗಿಸಿದ್ರೂ, ಯಾವ ಕ್ರಮದಲ್ಲಿ ತಿರುಗಿಸಿದ್ರೂ, ಕದಲದೆ ಉಳಿಯೋದು ಒಂದು ಸಿಗುತ್ತೆ." ಅವನು ಸೀಮೆಸುಣ್ಣವನ್ನು ಕೆಳಗಿಟ್ಟ. "ನಾನೀಗ ಲೆಕ್ಕದ ಮಾತಾಡ್ತಿಲ್ಲ. ಮುಖ್ಯಸ್ಥರು ಒಪ್ಪಲಿ, ಬಿಡಲಿ, ನೀವು ಹೋಗಬೇಡಿ. ನಿಮ್ಮನ್ನ ತುಂಬಾ ಪ್ರೀತಿಸ್ತೀನಿ."

ಅವಳ ಕಣ್ಣು ತುಂಬಿತು. ತುಟಿ ಮಾತ್ರ ನಗುತ್ತಿತ್ತು. "ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ನಮ್ಮಲ್ಲಿ ಕೊನೇದೇ ಮೊದಲು," ಎಂದ ಮೂಗಬಸವ.

ಅವರಿಬ್ಬರ ನಗು ಮೆಟ್ಟಿಲಿಳಿದು ಗ್ರಂಥಾಲಯ ಮುಟ್ಟಿತು. ಅಲ್ಲಿಂದ ಮೇಲೆ ಬಂದ ಅಕ್ಕ ಬಾಗಿಲಲ್ಲಿ ಇಣುಕಿ, ನೆಲದ ಮೇಲೆ ಮುದ್ದೆಯಾಗಿ ಬಿದ್ದಿದ್ದ ಬಟ್ಟೆಯನ್ನು ನೋಡಿದಳು. "ಮಡಚಿ ಆಯ್ತೇನ್ರೋ?"

"ಇಲ್ಲ ಅಕ್ಕ," ಎಂದಳು ಬೀಜಗಣಿತದವಳು, ಮೇಡಂ ಎನ್ನುವುದನ್ನು ಮರೆತು. "ಇನ್ನೂ ಸ್ವಲ್ಪ ಹೊತ್ತು ಬೇಕು."

ಮಧ್ಯಾಹ್ನ ಮುಖ್ಯಸ್ಥರು ಒಪ್ಪಿದರೆನ್ನಿ. ಆದರೆ ಅದಕ್ಕೂ ಮುಂಚೆಯೇ ಅವಳ ಗಂಟುಮೂಟೆಯ ಮಾತು ಮುಗಿದುಹೋಗಿತ್ತು. ಸಹೃದಯರೇ, ಮನುಷ್ಯರ ಎದೆಯ ಭಾವವೂ ಕಣ್ಣಿಗೆ ಕಾಣದ ವಸ್ತುವೇ... ನಮ್ಮನ್ನು ಹಿಡಿದು ಅಲುಗಾಡಿಸಿದಾಗಲೇ ಅದು ಇದೆಯೆಂದು ತಿಳಿಯುವುದು. ಅದೆಷ್ಟು ಅಗಲಿಕೆಗಳು ಯಾರ ತಪ್ಪೂ ಇಲ್ಲದೆ, ಒಂದೇ ಒಲವನ್ನು ಇಬ್ಬರು ಎರಡು ತುದಿಗಳಿಂದ ಓದಿದ್ದರಿಂದಲೇ ಆಗಿಹೋಗಿವೆಯೋ! ತುದಿ ಬೇರೆಯಾದರೇನಂತೆ? ಬಟ್ಟೆ ಮಡಚುವವರು ಕೊನೆಗೆ ಒಬ್ಬರ ಹತ್ತಿರಕ್ಕೆ ಒಬ್ಬರು ನಡೆದು ಬರಲೇಬೇಕಲ್ಲ.