ಅಪ್ಪ ಅಳೆದ ಮೀನುಗಳು

ಬೆಳಿಗ್ಗೆ ಆರೂ ಮುಕ್ಕಾಲು. ಹದಿನೆಂಟು ಸೆಂಟಿಮೀಟರಿನ ಮೀನನ್ನು ಅಪ್ಪ ಇಪ್ಪತ್ತೈದು ಎಂದು ಬರೆದ.

ಕಥೆ ಇಲ್ಲಿಂದಲೇ ಶುರುವಾಗಬೇಕೆ ಎಂಬ ಖಾತ್ರಿ ನನಗಿಲ್ಲ. ಪತ್ರಿಕೆಯಲ್ಲಿದ್ದಾಗ ಸುದ್ದಿಯನ್ನು ಮೊದಲ ಸಾಲಿನಲ್ಲೇ ಮುಗಿಸಬೇಕೆಂದು ಕಲಿಸಿದ್ದರು. ಮುಗಿಸಿದ್ದೇನೆ. ನೀವು ಪುಟ ಮಗುಚಿದರೆ ನನ್ನ ತಕರಾರಿಲ್ಲ. (ಇನ್ನೂ ಇಲ್ಲೇ ಇದ್ದೀರಾ? ಹಾಗಾದರೆ ಸ್ವಲ್ಪ ಹಿಂದಕ್ಕೆ ಹೋಗೋಣ.)

೧

ದಡದಲ್ಲೊಂದು ಸಮುದ್ರ ಅಧ್ಯಯನ ಕೇಂದ್ರ. ಹೆಸರು ದೊಡ್ಡದು, ಇರುವುದು ಎರಡು ಕೋಣೆ. ಕಿಟಕಿಯ ಸರಳಿಗೆಲ್ಲ ಉಪ್ಪು ಹಿಡಿದಿದೆ, ಕುರ್ಚಿಗಳ ಮೇಲೆ ಯಾವಾಗಲೂ ಯಾರದೋ ಒದ್ದೆ ಟವೆಲ್ಲು. ಎದುರಿಗೆ, ದೋಣಿಯಲ್ಲಿ ಹೋದರೆ ಸ್ವಲ್ಪ ದೂರದಲ್ಲಿ, ಹವಳದ ದಿಬ್ಬ. ಅಪ್ಪ, ಮಗಳು ಇಬ್ಬರಿಗೂ ಇಲ್ಲೇ ನೌಕರಿ. ವರ್ಷಕ್ಕೊಮ್ಮೆ ಇಬ್ಬರೂ ಜೊತೆಯಾಗಿ ಮುಳುಗಿ ತಳದಲ್ಲಿ ಅಳತೆಪಟ್ಟಿ ಹಾಸುತ್ತಾರೆ. ಪಟ್ಟಿಯಡಿ ಎಷ್ಟು ಭಾಗ ಜೀವಂತ ಹವಳ, ಎಷ್ಟು ಭಾಗ ಬರೀ ಪಾಚಿ ಎಂದು ಮಗಳು ಗುರುತು ಹಾಕುತ್ತಾಳೆ. ಪಟ್ಟಿಯ ಆಚೀಚೆ ಸುಳಿಯುವ ಮೀನುಗಳನ್ನು ಅಪ್ಪ ಎಣಿಸುತ್ತಾನೆ, ಒಂದೊಂದರ ಉದ್ದವನ್ನೂ ಕಣ್ಣಳತೆಯಲ್ಲೇ ಬರೆಯುತ್ತಾನೆ. ಮೀನೇನು ದರ್ಜಿಯ ಮುಂದೆ ನಿಂತ ಗಿರಾಕಿಯೇ, ಅಲುಗಾಡದೆ ನಿಲ್ಲಲು?

ಆ ಉದ್ದದಿಂದ ದಿಬ್ಬದ ಒಟ್ಟು ಮೀನಿನ ತೂಕವನ್ನು ಲೆಕ್ಕ ಹಾಕುತ್ತಾರೆ. ಉದ್ದವನ್ನು ಕಾಲು ಭಾಗ ಹೆಚ್ಚು ಬರೆದರೆ ತೂಕ ಸುಮಾರು ಇಮ್ಮಡಿಯಾಗುತ್ತದೆ. (ಇದೊಂದು ನೆನಪಿರಲಿ. ಕಥೆಯಲ್ಲಿ ಬೇರೆ ಗಣಿತವಿಲ್ಲ.)

ಹವಳ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ನೂರಕ್ಕೆ ನಲವತ್ತು ಭಾಗ ಇದ್ದದ್ದು ಹನ್ನೊಂದಕ್ಕೆ ಬಂದಿತ್ತು. ಮೀನಿನ ತೂಕ ಮಾತ್ರ ಜಗ್ಗಿರಲಿಲ್ಲ. ಕೇಂದ್ರದ ಮುಖ್ಯಸ್ಥೆ ಹೋದಲ್ಲೆಲ್ಲ ಹೇಳಿಕೊಳ್ಳುತ್ತಿದ್ದ ಒಳ್ಳೆಯ ಸುದ್ದಿ ಅದೊಂದೇ. ಅದೇ ಅಂಕಿಯನ್ನು ಮುಂದಿಟ್ಟು ದಿಬ್ಬದ ಮೇಲೆ ಬಲೆ ಬೀಸಲು ಪ್ರತಿ ಸಲವೂ ಅನುಮತಿ ಸಿಗುತ್ತಿತ್ತು. ಈ ಸಲದ ಎಣಿಕೆ ನೋಡಿ, ಬಲೆ ನಿಲ್ಲಿಸಬೇಕೋ ಬೇಡವೋ ಎಂದು ಮೇಲಿನ ಅಧಿಕಾರಿಗಳು ಮತ್ತೆ ತೀರ್ಮಾನಿಸುವವರಿದ್ದರು.

೨

ನೀರೊಳಗೆ ಎಲ್ಲವೂ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಹೊಸಬರು ಮೋಸ ಹೋಗುತ್ತಾರೆ, ಹಳಬರು ಮನಸ್ಸಿನಲ್ಲೇ ಅಷ್ಟು ಕಳೆದು ಬರೆಯುತ್ತಾರೆ. ಅದಕ್ಕೇ ಎಣಿಕೆಗೆ ಮುಂಚೆ ಎಲ್ಲರಿಗೂ ಪರೀಕ್ಷೆ. ಇಷ್ಟು ವರ್ಷ ಪ್ಲಾಸ್ಟಿಕ್ ಪೈಪಿನ ತುಂಡುಗಳನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಟ್ಟು ಉದ್ದ ಕೇಳುತ್ತಿದ್ದರು. ಅಪ್ಪ ಒಮ್ಮೆಯೂ ತಪ್ಪಿರಲಿಲ್ಲ. ಅವನ ಅಡ್ಡಹೆಸರೇ ಸ್ಕೇಲು.

ಈ ಸಲ ಮಗಳು ಪೈಪು ಬಿಟ್ಟು ಮರದ ಮೀನು ಮಾಡಿದಳು. ಗಿಳಿಮೀನು, ಚಿಟ್ಟೆಮೀನು, ಒಂದಕ್ಕಿಂತ ಒಂದು ಚಂದ. ಬಣ್ಣ ಬಳಿಯಲು ಅವಳಿಗೆ ಒಂದು ಭಾನುವಾರ ಪೂರ್ತಿ ಹಿಡಿಯಿತು. ನಿಜವಾದ ಮೀನಿನ ಹಾಗಿದ್ದರೆ ಪರೀಕ್ಷೆಯೂ ನಿಜವಾಗಿರುತ್ತದೆ ಎಂದು ಅವಳ ಎಣಿಕೆ.

ಅಪ್ಪ ನೀರಿನಿಂದ ಮೇಲೆ ಬಂದು, ನೀರೊಳಗೆ ಬರೆಯುವ ತನ್ನ ಹಲಗೆ ಕೊಟ್ಟ. ಮಗಳು ಒಂದೊಂದನ್ನೇ ತಾಳೆ ನೋಡಿದಳು. ದೋಣಿ ನಡೆಸುವವನು ಅವಳ ಹೆಗಲ ಮೇಲಿಂದ ಇಣುಕಿದ.

"ಏನ್ ಯಜಮಾನ್ರೇ, ಸ್ಕೇಲೇ ಸೊಟ್ಟಗಾಯ್ತಾ?"

ಅಪ್ಪ ನಕ್ಕ. ಮಗಳು ನಗಲಿಲ್ಲ.

೩ (ಕೈಬಿಟ್ಟ ಕರಡು)

ಇಲ್ಲಿ ಅಪ್ಪನಿಗೆ ಕಣ್ಣಿನ ಪೊರೆ ಬಂದಿದೆ ಎಂದು ಬರೆದಿದ್ದೆ. ಆಪರೇಷನ್ನಿಗೆ ಹಸಿರು ಪರದೆಯ ಕೋಣೆಯೊಂದನ್ನೂ ಸಜ್ಜು ಮಾಡಿದ್ದೆ. ಮಗಳು ಬೆಂಚಿನ ಮೇಲೆ ಕಾಯುತ್ತಾಳೆ, ಪಟ್ಟಿ ಬಿಚ್ಚುತ್ತಾರೆ, ಅಪ್ಪನಿಗೆ ಎಲ್ಲ ಸ್ವಚ್ಛವಾಗಿ ಕಾಣುತ್ತದೆ. ನಿಮಗೆ ಕಣ್ಣೀರು, ನನಗೆ ಹೆಸರು.

ಅಪ್ಪ ಒಪ್ಪಲಿಲ್ಲ. ಕಥೆ ಬರೆಯುವವರಿಗೆ ವಯಸ್ಸಾದವರು ಸಿಕ್ಕಿದರೆ ಸಾಕು, ಒಂದು ಕಾಯಿಲೆ ಅಂಟಿಸಿಬಿಡುತ್ತೀರಿ ಎಂದು ನನ್ನನ್ನೇ ದಬಾಯಿಸಿದ. ದೂರದ ಬೋರ್ಡನ್ನು ಕೆಳಗಿನ ಸಾಲಿನವರೆಗೂ ಓದಿ ತೋರಿಸಿದ. ಆಮೇಲೆ ಮಗಳ ಕಡೆ ತಿರುಗಿದ.

"ನಿನ್ನ ಬೊಂಬೆ ಆಟ ಸಾಕು. ಹಳೇ ಪೈಪು ತಾ."

ನಾನು ಕರಡು ಹರಿದು ಹಾಕಿದೆ. ಮಗಳು ಗೋದಾಮಿನಿಂದ ಪೈಪಿನ ಕಟ್ಟು ತಂದಳು.

೪

ಅಪ್ಪ ಬರೆದ ಪೈಪಿನ ಉದ್ದ ಎಲ್ಲವೂ ಸರಿ ಇತ್ತು. ಒಂದೂ ತಪ್ಪಿಲ್ಲ.

ಅಪ್ಪ ತಲೆ ಒರೆಸಿಕೊಳ್ಳುತ್ತ, ಮರದ ಮೀನನ್ನು ಅಳೆದ ಟೇಪನ್ನೇ ಒಮ್ಮೆ ಪರೀಕ್ಷೆ ಮಾಡಿಸು ಎಂದು ಮಗಳಿಗೆ ಬುದ್ಧಿ ಹೇಳಿದ. ದೋಣಿಯವನು ಎರಡೂ ಕೈ ಮೇಲೆತ್ತಿ ಶರಣಾದ. ಕಥೆ ಇಲ್ಲಿ ಮುಗಿದಿದ್ದರೆ ಎಲ್ಲರೂ ಊಟಕ್ಕೆ ಹೋಗಬಹುದಿತ್ತು.

ಮಗಳು ಮಾತ್ರ ಕಟ್ಟೆಯ ತುದಿಯಲ್ಲಿ ಎರಡೂ ಹಲಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಅವಳಿಗೂ ಪೊರೆಯೇ ಬೇಕಾಗಿತ್ತು. ಪೊರೆಗಾದರೆ ಆಪರೇಷನ್ ಇದೆ.

"ಅಪ್ಪ, ಬಾ ಇಲ್ಲಿ. ಪೈಪು ಸರಿ. ಚಿಟ್ಟೆಮೀನೂ ಎಲ್ಲಾ ಸರಿ. ತಪ್ಪಿರೋದು ಗಿಳಿಮೀನು ಮಾತ್ರ. ಒಂದೊಂದೂ ಜಾಸ್ತಿ ಬರೆದಿದ್ದೀಯ."

"ಗಿಳಿಮೀನು ಅಷ್ಟು ಇರುತ್ತಮ್ಮ."

"ಇರ್ತಿತ್ತು."

ಅಪ್ಪ ಟವೆಲ್ಲನ್ನು ಮಡಚಿದ. ಮತ್ತೆ ಬಿಚ್ಚಿ ಮಡಚಿದ.

ಚಿಟ್ಟೆಮೀನನ್ನು ಯಾರೂ ತಿನ್ನುವುದಿಲ್ಲ, ಅದು ಮೊದಲು ಎಷ್ಟಿತ್ತೋ ಈಗಲೂ ಅಷ್ಟೇ ಇದೆ. ಗಿಳಿಮೀನನ್ನು ಬಲೆಯವರು ದೊಡ್ಡದು ನೋಡಿ ನೋಡಿ ಎತ್ತಿದ್ದಾರೆ, ಉಳಿದಿರುವುದು ಮರಿಪುಡಿ. ಅಪ್ಪನ ಕಣ್ಣಿಗೆ ಮೀನು ಬಿದ್ದ ಕೂಡಲೇ ಕೈ ಹಳೆಯ ಉದ್ದವನ್ನು ಬರೆಯುತ್ತಿತ್ತು. ಪೈಪಿನಲ್ಲಿ ನೆನಪಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಅದಕ್ಕೇ ಅದು ಸರಿಯಾಯಿತು, ಅದಕ್ಕೇ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ.

"ಯಾವಾಗಿಂದ ಅಪ್ಪ?"

"ನನಗೆ ಹೇಗೆ ಗೊತ್ತಾಗುತ್ತೆ? ಕಂಡಿದ್ದು ಬರೆದೆ."

ಸುಳ್ಳು ಬರೆದಿದ್ದರೆ ತಾರೀಖಾದರೂ ನೆನಪಿರುತ್ತಿತ್ತು.

೫ (ಮೂರು ಮುಕ್ತಾಯಗಳು, ಆರಿಸಿಕೊಳ್ಳಿ)

ಮೊದಲನೆಯದು: ಮಗಳು ಮರದ ಮೀನುಗಳನ್ನು ಒಲೆಗೆ ಹಾಕುತ್ತಾಳೆ. ಅಪ್ಪನ ಮರ್ಯಾದೆ ಉಳಿಯುತ್ತದೆ, ಮೀನಿನ ತೂಕ ಇನ್ನೊಂದು ವರ್ಷ ಜಗ್ಗದೆ ನಿಲ್ಲುತ್ತದೆ, ಬಲೆಯವರು ಮರಿಪುಡಿಯನ್ನೂ ಬಾಚುತ್ತಾರೆ. ಇದನ್ನು ತೋರಿಸಿದಾಗ ಮಗಳು ಹಾಳೆ ವಾಪಸ್ ಕೊಟ್ಟಳು.

ಎರಡನೆಯದು: ಅಪ್ಪನೇ ಮುಖ್ಯಸ್ಥೆಯ ಮುಂದೆ ಎದೆ ಸೆಟೆಸಿ ನಿಂತು ತಪ್ಪು ಒಪ್ಪಿಕೊಳ್ಳುತ್ತಾನೆ. ಅಷ್ಟು ದೊಡ್ಡ ಮನುಷ್ಯ ನಾನಲ್ಲ, ನನಗಿನ್ನೂ ಅವಳ ಟೇಪಿನ ಮೇಲೆ ಅನುಮಾನವಿದೆ ಎಂದು ಅಪ್ಪ ತಳ್ಳಿಹಾಕಿದ.

ಮೂರನೆಯದು: ಇಬ್ಬರೂ ಕೊನೆಯ ಸಲ ಜೊತೆಯಾಗಿ ಮುಳುಗುತ್ತಾರೆ. ಸತ್ತ ಹವಳದ ಹಿಂದಿನಿಂದ ಒಂದು ಗಿಳಿಮೀನು ಬರುತ್ತದೆ, ತೋಳುದ್ದದ್ದು. ಇದನ್ನು ಎರಡು ಪುಟ ಬರೆದೆ. ಚೆನ್ನಾಗಿತ್ತು, ಹೇಳಿಕೊಳ್ಳಬಾರದು. ಮಗಳು ಓದಿ ಕೇಳಿದಳು:

"ಇದು ಎಲ್ಲಿಂದ ಬಂತು?"

ಕಂಡದ್ದನ್ನು ಬರೆದೆ ಎನ್ನಲು ನಾನು ಅಪ್ಪನೂ ಅಲ್ಲ.

೬

ಮಗಳು ಮುಖ್ಯಸ್ಥೆಗೆ ಫೋನು ಮಾಡಿ ಎಲ್ಲ ಹೇಳಿದಳು. ಅಪ್ಪ ಪಕ್ಕದ ಕೋಣೆಯಲ್ಲಿದ್ದ, ಬಾಗಿಲು ತೆರೆದೇ ಇತ್ತು. ಅವಳು ದನಿ ತಗ್ಗಿಸಲಿಲ್ಲ.

ಮುಖ್ಯಸ್ಥೆ, ಹಾಗಾದರೆ ಯಾವ ವರ್ಷದ ಅಂಕಿಯನ್ನು ನಂಬಬೇಕು ಎಂದು ಕೇಳಿದಳು. ಮಗಳು ಅದನ್ನು ಯೋಚಿಸಿಯೇ ಇರಲಿಲ್ಲ. ತಪ್ಪು ಎಂದಿನಿಂದ ಎಂದು ಗೊತ್ತಿಲ್ಲದಿದ್ದರೆ ಎಲ್ಲ ವರ್ಷಗಳನ್ನೂ ಬದಿಗಿಡಬೇಕು, ಮೀನು ನಿಜವಾಗಿಯೂ ದೊಡ್ಡದಿದ್ದ ವರ್ಷಗಳನ್ನೂ ಸೇರಿಸಿ. ಅಪ್ಪನ ಅಂಕಿ ಹೋದರೆ, ದಿಬ್ಬದಲ್ಲಿ ಹಿಂದೆ ಅಂಥ ಮೀನಿದ್ದವು ಎನ್ನುವುದಕ್ಕೆ ಬೇರೆ ಪುರಾವೆ ಇಲ್ಲ. ಪುರಾವೆ ಇಲ್ಲದಿದ್ದರೆ, ಮೀನು ಕಡಿಮೆಯಾಗಿದೆ ಎಂದು ಹೇಳಲಿಕ್ಕೂ ಬರುವುದಿಲ್ಲ.

ಎಲ್ಲವನ್ನೂ ಬದಿಗಿಟ್ಟರು. ಬಲೆಯ ತೀರ್ಮಾನ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ಹಳೆಯ ಅನುಮತಿಯೇ ನಡೆಯುತ್ತದೆ.

(ಮಗಳು ಮಾಡಿದ್ದು ಸರಿಯೇ ಎಂದು ನೀವು ಕೇಳುತ್ತೀರಿ. ನಾನು ಹೇಳುವುದಿಲ್ಲ. ಗೊತ್ತಿದ್ದೂ ಹೇಳುತ್ತಿಲ್ಲ ಎಂದೇನಲ್ಲ.)

ಎಣಿಕೆಗೆ ಬೇರೊಬ್ಬ ಬಂದ, ಹೊಸಬ, ಮರದ ಮೀನಿನಲ್ಲಿ ಪಾಸಾದವನು. ಸೋಮವಾರದಿಂದ ಅಪ್ಪನನ್ನು ಮುಳುಗುವವರ ಸಿಲಿಂಡರುಗಳಿಗೆ ಗಾಳಿ ತುಂಬುವ ಕೆಲಸಕ್ಕೆ ಹಾಕಿದರು. ಮಗಳದ್ದನ್ನು ಮೊದಲು ತುಂಬಿದ.