ಗೊಹರಳ ಮೊಣಕಾಲು

“ಒತ್ತಬೇಡಿ ಖಾಲಾ! ಕೈ ತೆಗೀರಿ!” ತುಬಾ ಕೂಗಿದಳು.

ಹೆಣ ತೊಳೆಯುವ ಸಕೀನೆ ಬೆಚ್ಚಿ ಕೈ ತೆಗೆದಳು. ಕಲ್ಲಿನ ಮೇಲೆ ತುಬಾಳ ತಾಯಿ ಗೊಹರ್ ಅಂಗಾತ ಮಲಗಿದ್ದಳು, ಮೊಣಕಾಲುಗಳು ಮಾತ್ರ ಮೇಲಕ್ಕೆ. ಐವತ್ತೆರಡು ವರ್ಷ ಮಗ್ಗದ ಹಲಗೆಯ ಮೇಲೆ ಮಡಿಸಿಕೊಂಡಿದ್ದ ಕಾಲುಗಳು. ಬದುಕಿದ್ದಾಗಲೇ ಅವು ನೆಟ್ಟಗಾಗಿರಲಿಲ್ಲ.

“ನಾನೇನ್ ಮಾಡ್ಲಿ ಮಗಳೇ? ಮಗ್ಗದ ಯಜಮಾನ್ರು, ಹಾಜಿ ಆಗಾ, ಹೇಳಿ ಕಳ್ಸಿದಾರೆ. ಜನಾಜದ ಮೇಲೆ ಅವರ ರತ್ನಗಂಬಳಿ ಹೊದಿಸ್ತಾರಂತೆ. ಕಾಲು ಹೀಗಿದ್ರೆ ಚೆನ್ನಾಗಿ ಕಾಣಲ್ವಂತೆ.”

“ಅವರ ಗಂಬಳಿನಾ? ಮೂರು ವರ್ಷ ಕೂತು ಅದನ್ನ ನೇಯ್ದೋಳು ಇಲ್ಲಿ ಮಲಗಿದಾಳೆ. ಅದು ಚೆನ್ನಾಗಿ ಕಾಣ್ಲಿ ಅಂತ ಇವಳ ಮೂಳೆ ಮುರೀಬೇಕಾ?”

ಸಕೀನೆ ಬೆಚ್ಚನೆಯ ನೀರು ಮೊಗೆದು ಮಡಿಸಿದ ಕಾಲುಗಳ ಮೇಲೆ ಮೆಲ್ಲಗೆ ಹೊಯ್ದಳು, ಕೂಸಿಗೆ ಎರೆಯುವ ಹಾಗೆ.

*

ಆಗ ತುಬಾಗೆ ಏಳು ವರ್ಷ. ಆಗಿನ ಯಜಮಾನ, ಹಾಜಿಯ ಅಪ್ಪ, ಅವಳನ್ನೆತ್ತಿ ತಾಯಿಯ ಪಕ್ಕ ಹಲಗೆಯ ಮೇಲೆ ಕೂರಿಸಿದ.

“ಎಷ್ಟು ಪುಟ್ಟ ಬೆರಳು! ಗಂಬಳಿಯ ಸಣ್ಣ ಗಂಟಿಗೆ ಹೇಳಿ ಮಾಡ್ಸಿದ ಹಾಗಿದೆ.”

ಅವನು ಅತ್ತ ಹೋದದ್ದೇ ತಡ, ಗೊಹರ್ ಗಂಟು ಜಡಿಯುವ ಕಬ್ಬಿಣದ ಬಾಚಣಿಗೆ ಎತ್ತಿ ಮಗಳ ಬೆರಳಿಗೆ ಹೊಡೆದಳು. ಅವಳು ಮಗಳಿಗೆ ಹೊಡೆದದ್ದು ಅದೊಂದೇ ಸಲ.

“ಇಳಿ! ಇನ್ನೊಂದ್ಸಲ ಈ ಹಲಗೆ ಹತ್ತಿದ್ರೆ ಕೈಯನ್ನೇ ಮುರೀತೀನಿ.”

ಬೆರಳು ಊದಿದ ಹುಡುಗಿ ಯಜಮಾನನಿಗೆ ಬೇಡವಾದಳು. ತುಬಾ ಶಾಲೆಗೆ ಹೋದಳು.

*

ಅಂಗಳದಲ್ಲಿ ಹಾಜಿ ತಾನೇ ನಿಂತು, ಹೆಣ ಮಲಗಿಸಿದ ಜನಾಜದ ಮೇಲೆ ಗಂಬಳಿ ಹೊದಿಸಿದ. ನಡುವೆ ಅದು ಗುಡ್ಡದಂತೆ ಎದ್ದಿತ್ತು.

“ಒಂಚೂರು ಒತ್ತಿದ್ರೆ ಆಗ್ತಿತ್ತು. ನೋಡಿದೋರು ಏನಂತಾರೆ?”

“ಗೊಹರ್ ಕೂತ್ಕೊಂಡೇ ಹೋದ್ಲು ಅಂತಾರೆ ಆಗಾ,” ನೇಕಾರ ಹೆಂಗಸರ ಗುಂಪಿನಿಂದ ಒಬ್ಬ ಮುದುಕಿ ಅಂದಳು. “ಎದ್ದೇಳಕ್ಕೆ ನಿಮ್ಮನೆಯೋರು ಬಿಟ್ಟಿದ್ರೆ ತಾನೆ?”

ಹಾಜಿ ಗಂಬಳಿಯ ಅಂಚು ಎಳೆದು ಸರಿಮಾಡಿ ಮುಂದೆ ನಡೆದ.

ಬಜಾರಿನ ತಿರುವಿನಲ್ಲಿ ಹಿಮ ಕರಗಿ ಓಣಿಯೆಲ್ಲ ಕೆಸರು. ಹೊತ್ತವರು ಹೆಗಲು ಬದಲಿಸುವಾಗ ಗಂಬಳಿ ಮೊಣಕಾಲುಗಳ ಮೇಲಿಂದ ಜಾರಿ ಕೆಳಗೆ ಬಿದ್ದು ಓಣಿಯಗಲಕ್ಕೂ ಹರಡಿಕೊಂಡಿತು.

“ಅಯ್ಯೋ, ನನ್ನ ಗಂಬಳಿ! ಎತ್ರೋ! ಯಾರೂ ತುಳೀಬೇಡಿ!”

ಜನಾಜಾ ನಿಲ್ಲಲಿಲ್ಲ. ಗಂಬಳಿಯ ಊರಾದ ಕಾಶಾನಿನಲ್ಲಿ ಕುಡುಕ ಕೂಡ ಮೆಟ್ಟು ಬಿಟ್ಟೇ ಗಂಬಳಿ ಹತ್ತುತ್ತಾನೆ. ತುಬಾ ಮೆಟ್ಟು ಬಿಡಲಿಲ್ಲ. ಬಾಗಿ ಎತ್ತಲೂ ಇಲ್ಲ. ಅಂಚಿನಿಂದ ಅಂಚಿಗೆ ಅದರ ಮೇಲೆಯೇ ನಡೆದುಹೋದಳು. ಅವಳ ಹಿಂದೆ ನೇಕಾರ ಹೆಂಗಸರು, ಡೊಂಕು ಕಾಲುಗಳಲ್ಲಿ ಓಲಾಡುತ್ತ, ಒಬ್ಬೊಬ್ಬರಾಗಿ, ಕೆಸರು ಮೆತ್ತಿದ ಮೆಟ್ಟಿನಲ್ಲೇ.