ಕಂಡಕ್ಟರ್ ನಿಲ್ಲುವ ಜಾಗ

ಮಂಜು ಇನ್ನೂ ಬಿಟ್ಟಿರಲಿಲ್ಲ. ಎದುರು ಮನೆಯ ಗೇಟು ಕೂಡ ಕಾಣದಷ್ಟು ದಟ್ಟವಾಗಿ ಬೀದಿ ತುಂಬ ಕೂತಿದ್ದ ಆ ಮಂಜಿನೊಳಗೆ, ಬಸ್ ಕಂಡಕ್ಟರೂ ಆಸ್ಪತ್ರೆಯ ಆಯಾನೂ ಮುಂದಿನ ಕೋಣೆಯ ಬೆಂಚುಗಳನ್ನು ಒಂದೊಂದಾಗಿ ಹೊತ್ತು ಅಂಗಳಕ್ಕಿಳಿಸುತ್ತಿದ್ದರು. ಒಳಗೆ ಮೇಷ್ಟ್ರನ್ನು ಮಲಗಿಸಲು ಜಾಗ ಆಗಬೇಕಿತ್ತು. ಮೆಲ್ಲಗೆ ಕಣಪ್ಪ, ಗೋಡೆಗೆ ತಾಗುತ್ತೆ, ಎಂದಳು ಮೇಷ್ಟ್ರ ಹೆಂಡತಿ. ಅಂದ ಮೇಲೆ ಅವಳಿಗೇ ಅನ್ನಿಸಿತು, ಇನ್ನು ಗೋಡೆಗೆ ತಾಗಿದರೆ ಬೈಯುವವರಾದರೂ ಯಾರು.

ಶಾಲೆಯಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಆ ಕೋಣೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾದವರಿಗೆ ಮಾತ್ರ ಪಾಠ ಹೇಳುತ್ತಿದ್ದರು. ಎಲ್ಲರೂ ಬಲಿತವರು, ದುಡಿಯುವವರು. ಕಂಡಕ್ಟರಿಗೆ ಬಸ್ಸಿನಲ್ಲಿ ನಿಂತು ನಿಂತು ಸೊಂಟ ಸೋತಿತ್ತು. ಪಾಸಾದರೆ ಡಿಪೋ ಆಫೀಸಿನಲ್ಲಿ ಕೂತು ಮಾಡುವ ಕೆಲಸ ಸಿಗುವಂತಿತ್ತು. ಆಯಾಗೆ ನರ್ಸಿಂಗ್ ಸೇರುವ ಆಸೆ. ಅದರ ವಯಸ್ಸಿನ ಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು. ಈ ಸಲ ಮರುಪರೀಕ್ಷೆ ಕಟ್ಟಿದ್ದವರು ಇವರಿಬ್ಬರೇ, ಅದು ನಾಳೆ ಬೆಳಗ್ಗೆ. ವ್ಯಾಕರಣವನ್ನೆಲ್ಲ ಕೊನೆಯ ಸಲ ತಿರುವಿಹಾಕುವ ಪಾಠ ಇವತ್ತೇ ಆಗಬೇಕಿತ್ತು. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಬೆಂಚು ಹೊರುವುದಕ್ಕೇ ಬಂದವರಂತೆ ಹೊತ್ತರು.

ಮಂಜು ಕರಗುವ ಹೊತ್ತಿಗೆ ಜನ ಸೇರಿದರು. ಮೇಷ್ಟ್ರ ತಮ್ಮ ಬಾಗಿಲಲ್ಲೇ ನಿಂತು ಬಂದವರಿಗೆಲ್ಲ ಒಂದೇ ರಾಗದಲ್ಲಿ ವಿವರ ಒಪ್ಪಿಸುತ್ತಿದ್ದ. ಮಲಗಿದವರು ಏಳಲಿಲ್ಲವೆಂದೂ, ಪುಣ್ಯವಂತರಿಗೆ ಮಾತ್ರ ಅಂಥ ಸಾವೆಂದೂ, ಸಣ್ಣದಾಗಿ ಲಕ್ವ ಹೊಡೆದ ಮೇಲೂ ಅಣ್ಣ ಪಾಠ ನಿಲ್ಲಿಸಲಿಲ್ಲವೆಂದೂ. ಮೇಷ್ಟ್ರ ಹಳೆಯ ಶಿಷ್ಯೆ, ಈಗ ಹೈಸ್ಕೂಲಿನಲ್ಲಿ ಇಂಗ್ಲಿಷೇ ಕಲಿಸುವ ಟೀಚರು, ಕಾಲ ಬಳಿ ಬಹಳ ಹೊತ್ತು ಕೂತಿದ್ದು ಕಣ್ಣೊರೆಸಿಕೊಂಡಳು.

"ನಮ್ಮ ಮೇಷ್ಟ್ರು ಪಾಠದಲ್ಲಿ ಒಂದೇ ಒಂದು ತಪ್ಪು ಹೇಳಿದ್ದು ನಾನು ಕಂಡಿಲ್ಲ."

"ಕೊನೇವರೆಗೂ," ಎಂದ ತಮ್ಮ, ಅಣ್ಣನ ಆಸ್ತಿ ತೋರಿಸುವವನ ಹಾಗೆ.

ಕೂತವರೆಲ್ಲ ತಲೆದೂಗಿದರು. ಮೇಷ್ಟ್ರ ಹೆಂಡತಿಗೆ ಅಲ್ಲಿ ಕೂರಲಾಗಲಿಲ್ಲ. ನೀರು ತರುವ ನೆಪದಲ್ಲಿ ಎದ್ದು ಹಿತ್ತಿಲಿಗೆ ಹೋದಳು. ಟ್ಯಾಂಕಿನ ಆಚೆ ಮಗ್ಗುಲಲ್ಲಿ ಆಯಾಳ ದನಿ ಕೇಳಿಸಿತು.

"ನಾಳೆ ಏನು ಬರೀತೀಯಣ್ಣ? ಮೊದಲು ಹೇಳಿದ್ದಾ, ಆಮೇಲೆ ಹೇಳಿದ್ದಾ?"

"ನನ್ನ ಕೇಳ್ತೀಯಲ್ಲ," ಎಂದ ಕಂಡಕ್ಟರ್. "ಬಸ್ಸಲ್ಲಾದ್ರೆ ಬಾಗಿಲ ಹತ್ರ ನಿಲ್ಲಬೇಕು ಅಂತ ಗೊತ್ತು. ಇಲ್ಲಿ ಎಲ್ಲಿ ನಿಲ್ಲಬೇಕೋ ನಂಗೇ ಮರೆತುಹೋಗಿದೆ."

"ಆ ಟೀಚರಮ್ಮನ್ನ ಕೇಳಿದ್ರೆ?"

"ಕೇಳಿ ಏನನ್ನೋದು? ಮೇಷ್ಟ್ರು ತಪ್ಪು ಹೇಳ್ಕೊಟ್ರು ಅಂತಲಾ? ಅವರಿನ್ನೂ ಒಳಗೇ ಮಲಗಿದಾರೆ ಕಣೆ. ಬಿಡು. ಫೇಲಾಗೋದು ನಂಗೇನು ಹೊಸದಾ."

ಮೇಷ್ಟ್ರ ಹೆಂಡತಿ ಕೊಡ ತುಂಬಿ ಹರಿಯುವುದನ್ನು ನೋಡುತ್ತ ನಿಂತಳು. ನಲ್ಲಿ ನಿಲ್ಲಿಸಬೇಕೆಂದು ತೋಚಲಿಲ್ಲ.

*

ಮೇಷ್ಟ್ರ ಪಾಠದ ವರಸೆಯೇ ಬೇರೆ. ಒಬ್ಬೊಬ್ಬರನ್ನು ಒಂದೊಂದು ಪದ ಮಾಡಿ, ಕೋಣೆಯ ನಡುವೆ ಸಾಲಾಗಿ ನಿಲ್ಲಿಸಿ ವಾಕ್ಯ ಕಟ್ಟುತ್ತಿದ್ದರು. ಆಯಾ ನೌನು. ಕಂಡಕ್ಟರು ಯಾವಾಗಲೂ ವರ್ಬು. ನಿಂದು ಒಂದು ಕಡೆ ಕೂರುವ ಜಾಯಮಾನ ಅಲ್ಲವೋ, ಎನ್ನುತ್ತಿದ್ದರು. ಅವನ ಜಾಗ ಸಾಲಿನ ನಡುವೆ. ನಮ್ಮ ಮಾತಿನಲ್ಲಿ ಮಾಡಿದ್ದು ಏನೆಂಬುದನ್ನು ಕೊನೆಗೆ ಹೇಳುತ್ತೇವೆ, ಅಲ್ಲಿಯವರೆಗೆ ಕೇಳುವವನನ್ನು ಕಾಯಿಸುತ್ತೇವೆ. ಇಂಗ್ಲಿಷಿನವನಿಗೆ ಅಷ್ಟು ತಾಳ್ಮೆಯಿಲ್ಲ, ಅವನಿಗೆ ನಡುದಾರಿಯಲ್ಲೇ ಹೇಳಿಬಿಡಬೇಕು, ಎಂದು ನಗಿಸುತ್ತಿದ್ದರು. ಒಳಬಾಗಿಲಲ್ಲಿ ಕೂತು ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಇಂಗ್ಲಿಷು ಬಾರದಿದ್ದರೂ ಯಾರು ಎಲ್ಲಿ ನಿಲ್ಲುತ್ತಾರೆಂಬುದು ಕಣ್ಣಿಗೆ ಕಟ್ಟಿತ್ತು.

ಲಕ್ವ ಹೊಡೆದ ಮೇಲೆ ಪದಗಳು ಉಳಿದವು, ಅವುಗಳ ಜಾಗ ಹೋಯಿತು. ಒಂದು ಸಂಜೆ ಮೇಷ್ಟ್ರು ಕಂಡಕ್ಟರನ ತೋಳು ಹಿಡಿದು ಸಾಲಿನ ಕೊನೆಗೆ ಕರೆದೊಯ್ದು ನಿಲ್ಲಿಸಿದರು. ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು ಅವನು ನಕ್ಕ. "ಸಾರ್, ಇದು ನಮ್ಮ ಮನೆ ಮಾತಿನ ಥರ ಆಯ್ತಲ್ಲ."

ಮೇಷ್ಟ್ರು ಸಾಲನ್ನು ಆ ತುದಿಯಿಂದ ಈ ತುದಿಗೆ ನೋಡಿದರು. ತಮ್ಮ ಮನೆಯೊಳಗೇ ಯಾರೋ ಸಾಮಾನು ಜರುಗಿಸಿಟ್ಟಿರುವಂತೆ ಮತ್ತೆ ನೋಡಿದರು. ಆಗ ಹೆಂಡತಿ ಅವರ ಬೆನ್ನ ಹಿಂದಿನಿಂದ ಕಂಡಕ್ಟರಿಗೆ ಕೈಮುಗಿದಳು.

"ನಂದೇ ತಪ್ಪು ಸಾರ್," ಎಂದು ಅವನು ಕೊನೆಯಲ್ಲೇ ನಿಂತ. ಮೇಷ್ಟ್ರ ಮುಖ ಅರಳಿತು. ಅವತ್ತಿನಿಂದ ಎಲ್ಲರೂ ಅವರು ನಿಲ್ಲಿಸಿದಲ್ಲಿ ನಿಂತರು, ಅವರು ಹೇಳಿದ್ದನ್ನೇ ಹೇಳಿದರು. ಆ ಸಂಜೆ ಗೇಟಿನ ಬಳಿ ಹೆಂಡತಿ ಹೊರಟವರನ್ನು ನಿಲ್ಲಿಸಿ ತಗ್ಗಿದ ದನಿಯಲ್ಲಿ, ಈ ಪಾಠವೊಂದು ಬಿಟ್ಟರೆ ಅವರಿಗೆ ಇನ್ನೇನೂ ಉಳಿದಿಲ್ಲವೆಂದೂ, ಪರೀಕ್ಷೆಗೆ ಮುಂಚೆ ಯಾರಿಂದಲಾದರೂ ಸರಿಯಾದ್ದನ್ನು ಹೇಳಿಸಿಕೊಡುವುದು ತನ್ನ ಹೊಣೆಯೆಂದೂ ಮಾತು ಕೊಟ್ಟಳು.

ಕೊಟ್ಟ ಮಾತು ಕೊಟ್ಟಲ್ಲೇ ಉಳಿಯಿತು. ಇನ್ನೊಬ್ಬರನ್ನು ಕರೆಯಬೇಕಾದರೆ ಏಕೆಂದು ಹೇಳಬೇಕು. ಅದನ್ನು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಸಂಜೆ ಹೊತ್ತು ದೇವರ ಮುಂದೆ ಕಣ್ಣು ಮುಚ್ಚಿ ಕೂತು, ಅವರ ತಲೆಯೊಳಗಿನದನ್ನು ಮೊದಲಿದ್ದ ಹಾಗೆ ಜೋಡಿಸಿಕೊಡಪ್ಪ ಎಂದು ಬೇಡಿಕೊಂಡಳು. ಜೋಡಿಸುವವನು ಅವರನ್ನೇ ಕರೆಸಿಕೊಂಡ.

*

ಮಣ್ಣು ಮುಗಿಸಿ ಬಂದಾಗ ಬಿಸಿಲು ಇಳಿಮುಖವಾಗಿತ್ತು. ಹೊರಡಲು ಎದ್ದ ಟೀಚರನ್ನು ಮೇಷ್ಟ್ರ ಹೆಂಡತಿ ತಡೆದಳು. ಇವರಿಗೆ ನಾಳೆ ಪರೀಕ್ಷೆ, ಸ್ವಲ್ಪ ಹೊತ್ತು ಕೂತು ಹೇಳಿಕೊಡುತ್ತೀಯಾ ತಾಯಿ, ಎಂದಳು. ಟೀಚರು ಸಂತೋಷದಿಂದಲೇ ಒಪ್ಪಿದಳು. ಆದರೆ ಕತ್ತಲಾಗುವ ಮುಂಚಿನ ಬಸ್ಸು ತಪ್ಪಿದರೆ ಬೇರೆ ಇಲ್ಲವೆಂದಳು.

"ಮೇಷ್ಟ್ರೇ ಹೇಳಿಕೊಟ್ಟಿರೋವಾಗ ನಂದೇನು ಕೆಲಸ? ಯಾವುದರಲ್ಲಿ ಅನುಮಾನ ಇದೆ ಹೇಳಿ, ಅಷ್ಟು ನೋಡೋಣ."

ಕಂಡಕ್ಟರ್ ಆಯಾಳ ಮುಖ ನೋಡಿದ. ಆಯಾ ನೆಲ ನೋಡಿದಳು.

"ಯಾವುದರಲ್ಲೂ ಇಲ್ಲ ಟೀಚರ್," ಎಂದ ಅವನು. "ಎಲ್ಲ ಸರಿಯಾಗೇ ಹೇಳಿದಾರೆ."

"ಹಾಗಾದ್ರೆ ಧೈರ್ಯವಾಗಿ ಬರೀರಿ," ಎಂದು ಟೀಚರು ಚೀಲ ಹೆಗಲಿಗೇರಿಸಿದಳು.

ಮೇಷ್ಟ್ರ ಹೆಂಡತಿ ದೇವರನ್ನು ನೆನೆದಳು. ಈ ಮಾತನ್ನು ತನ್ನಿಂದಲೇ ಆಡಿಸಬೇಕೇ, ಇವತ್ತೇ ಆಡಿಸಬೇಕೇ. ಕೋಣೆಯಲ್ಲಿ ಮೈದುನನಿದ್ದ, ನಾಲ್ಕಾರು ನೆಂಟರಿದ್ದರು. ಯಾರೂ ಅವಳ ಪರವಾಗಿ ಆ ಮಾತಾಡುವವರಿರಲಿಲ್ಲ.

"ಇಲ್ಲ ಕಣಮ್ಮ. ಲಕ್ವ ಆದ್ಮೇಲೆ ಅವರು ಹೇಳಿದ್ದೆಲ್ಲ ತಪ್ಪು. ಇವರಿಗೆ ಗೊತ್ತಿತ್ತು. ಸುಮ್ಮನಿರಿ ಅಂತ ನಾನೇ ಕೈಮುಗಿದಿದ್ದೆ."

"ಅತ್ತಿಗೆ," ಎಂದ ಮೈದುನ, ನೋವಿನಿಂದ. "ಇವತ್ತೇ ಬೇಕಿತ್ತಾ ಇದು?"

"ಪರೀಕ್ಷೆ ನಾಳೆ ಕಣಪ್ಪ."

ಟೀಚರಿಗೆ ನಂಬಿಕೆ ಬಂದಂತಿರಲಿಲ್ಲ. ಮೇಷ್ಟ್ರ ಹೆಂಡತಿ ಗೋಡೆಯ ಬೋರ್ಡಿಗೆ ಬೆಳಗ್ಗೆ ಯಾರೋ ಹೊದಿಸಿದ್ದ ಬಟ್ಟೆಯನ್ನು ಎಳೆದಳು. ನಿನ್ನೆಯ ವಾಕ್ಯ ಹಾಗೇ ಇತ್ತು. ಅಕ್ಷರಗಳು ಬಲಕ್ಕೆ ಹೋಗುತ್ತ ಹೋಗುತ್ತ ಕೆಳಗೆ ಜಾರಿದ್ದವು. ಡ್ರೈವರು, ಬಸ್ಸು, ಕೊನೆಯಲ್ಲಿ ಒಂದು ಮೂಲೆಗೆ ಒತ್ತಿಕೊಂಡು 'ನಿಲ್ಲಿಸಿದ' ಎಂಬ ವರ್ಬು. ಟೀಚರು ಓದಿದಳು. ಇನ್ನೊಮ್ಮೆ ಓದಿದಳು. ಚೀಲವನ್ನು ಕೆಳಗಿಟ್ಟಳು.

"ಅದು ಇರಲಿ ಬಿಡಿ ಅಮ್ಮ. ಅವರ ಕೈಬರಹ. ನಾನು ಬೇರೆ ಎಲ್ಲಾದ್ರೂ ಬರೀತೀನಿ."

"ಇವರು ನೋಡಿ ಕಲಿಯೋದು ಇದರಲ್ಲೇ ಅಲ್ವಾ," ಎಂದಳು ಮೇಷ್ಟ್ರ ಹೆಂಡತಿ.

ಒರೆಸುವ ಬಟ್ಟೆ ಸಿಗಲಿಲ್ಲ. ಅವಳು ಬರಿಯ ಅಂಗೈಯನ್ನು ಎಡತುದಿಯಲ್ಲಿಟ್ಟಳು. ಒಂದು ಪದದ ಮೇಲೆ ಅದು ಹಾಗೇ ನಿಂತಿತು. ಕಂಡಕ್ಟರ್ "ಅಕ್ಕಾ" ಎಂದು ಮುಂದೆ ಬಂದವನು ಅಲ್ಲೇ ನಿಂತುಬಿಟ್ಟ. ಆಮೇಲೆ ಅವಳು ಕೈಯನ್ನು ಮೆಲ್ಲಗೆ ಬಲಕ್ಕೆ ಸರಿಸುತ್ತ ಹೋದಳು, ಮೂಲೆಯವರೆಗೆ. ಬಿಳಿಯಾದ ಆ ಕೈಯಿಂದಲೇ ಸೀಮೆಸುಣ್ಣದ ತುಂಡೊಂದನ್ನು ಹುಡುಕಿ ಟೀಚರ ಬೆರಳುಗಳ ನಡುವೆ ಇಟ್ಟು, ಕಿಟಕಿಯಲ್ಲಿ ಉಳಿದಿದ್ದ ಬೆಳಕಿಗೆ ಅಡ್ಡವಾಗದಂತೆ ಬದಿಗೆ ಸರಿದಳು.